ಖಾಲಿ ಕೋಶ ಅಂದ್ರೆ ಸೊನ್ನೆ ಅಲ್ಲ: ಹೆರಿಗೆ ಲೆಕ್ಕದ ಒಂದು ತಂತ್ರಾಂಶದ ಕಥೆ

ಚೆನ್ನೈನಲ್ಲಿರೋ ನಮ್ಮ ವೀಕ್ಷಕರಿಗೆ ಒಂದು ಪ್ರಶ್ನೆ. ವಾರಾಂತ್ಯಕ್ಕೆ ಬೆಂಗಳೂರಿನ ರೈಲು ಹತ್ತಿದಾಗ, ಜೋಲಾರ್‌ಪೇಟೆ ದಾಟಿ ಬಂಗಾರಪೇಟೆ ಬರೋಕೆ ಮುಂಚೆ ಕುಪ್ಪಂ ಅನ್ನೋ ಸ್ಟೇಷನ್ ಬರುತ್ತೆ, ಗಮನಿಸಿದ್ದೀರಾ? ಆಂಧ್ರದ ಮೂಲೆ. ತೆಲುಗು, ತಮಿಳು, ಕನ್ನಡ ಮೂರೂ ಕಿವಿಗೆ ಬೀಳುವ ಊರು. ನಾನೂ ಎಷ್ಟೋ ಸಲ ಆ ಪ್ಲಾಟ್‌ಫಾರ್ಮ್ ನೋಡುತ್ತಾ ಚಹಾ ಕುಡಿದಿದ್ದೇನೆ. ಇವತ್ತು ಆಫ್ರಿಕಾ, ಏಷ್ಯಾದ ಹತ್ತಾರು ಬಡ ದೇಶಗಳಲ್ಲಿ ಬಸುರಿ-ಬಾಣಂತಿಯರ, ಹಸುಗೂಸುಗಳ ಲೆಕ್ಕ ಇಡುವ ತಂತ್ರಾಂಶದ ಚರಿತ್ರೆಯಲ್ಲಿ ಈ ಊರಿಗೂ ಒಂದು ಪುಟ ಇದೆ ಅಂತ ನನಗೆ ಗೊತ್ತಾಗಿದ್ದು ತೀರಾ ಇತ್ತೀಚೆಗೆ.

ಕಥೆ ಶುರುವಾಗೋದು ಕುಪ್ಪಂನಲ್ಲಲ್ಲ, ಕೇಪ್‌ಟೌನ್‌ನಲ್ಲಿ. 1994ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಮುಗಿದು ಮಂಡೇಲಾ ಅಧ್ಯಕ್ಷರಾದರು. ಹೊಸ ಸರ್ಕಾರದ ಆರೋಗ್ಯ ಇಲಾಖೆಗೆ ಸಿಕ್ಕ ಆಸ್ತಿ ಏನು? ಒಂದಲ್ಲ, 14 ಆರೋಗ್ಯ ಇಲಾಖೆಗಳು. ಜನಾಂಗಕ್ಕೊಂದು, ‘ಹೋಂಲ್ಯಾಂಡ್’ಗೊಂದು. ಒಂದೊಂದಕ್ಕೂ ಬೇರೆ ಫಾರ್ಮು, ಬೇರೆ ವ್ಯಾಖ್ಯೆ. ಟ್ರಾನ್ಸ್‌ಕೀ, ವೆಂಡಾದಂಥ ಪ್ರದೇಶಗಳು ‘ಸ್ವತಂತ್ರ’ ಅನ್ನೋ ನೆಪದಲ್ಲಿ ರಾಷ್ಟ್ರೀಯ ಅಂಕಿಅಂಶದಿಂದಲೇ ಹೊರಗಿದ್ದವು. ಅಂದರೆ ಅತಿ ಬಡ ಕಪ್ಪು ತಾಯಂದಿರು ಸತ್ತರೂ ದೇಶದ ಲೆಕ್ಕಕ್ಕೆ ಬರ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಬಗ್ ಅಲ್ಲ, ಬೇಕಂತಲೇ ಮಾಡಿದ ಡಿಸೈನ್.

ಆಗ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯ ಮತ್ತು ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದ ಕೆಲವರು ಸೇರಿ ಹಿಸ್ಪ್ ಅನ್ನೋ ಯೋಜನೆ ಶುರುಮಾಡಿದರು. ಯಾರ್ನ್ ಬ್ರಾ, ಕಾಲೆ ಹೆಡ್‌ಬರ್ಗ್ ಅದರ ಮುಂಚೂಣಿಯಲ್ಲಿದ್ದವರು. ಅವರು ಮೊದಲು ಕೈಹಾಕಿದ್ದು ಕೋಡಿಗಲ್ಲ, ಪಟ್ಟಿಗೆ. ಪ್ರತಿ ಇಲಾಖೆಗೂ, ಪ್ರತಿ ಕಾರ್ಯಕ್ರಮಕ್ಕೂ ತನ್ನದೇ ನೂರು ಅಂಕಣ ಬೇಕು. ಅದನ್ನೆಲ್ಲ ತುಂಬೋದು ಯಾರು? ಕ್ಲಿನಿಕ್‌ನಲ್ಲಿ ಒಬ್ಬಳೇ ಇರುವ ನರ್ಸ್. ಹಾಗಾಗಿ ‘ಅತ್ಯಗತ್ಯ ದತ್ತಾಂಶ’ ಅಂತ ಒಂದು ಚಿಕ್ಕ ಪಟ್ಟಿ ಮಾಡಿದರು. ರಾಷ್ಟ್ರಕ್ಕೆ ಬೇಕಾದ್ದು ಇಷ್ಟು. ಅದರ ಮೇಲೆ ಪ್ರಾಂತ್ಯ, ಜಿಲ್ಲೆ ತಮಗೆ ಬೇಕಾದ್ದನ್ನು ಸೇರಿಸಿಕೊಳ್ಳಬಹುದು, ಮೇಲಿನದನ್ನು ಮಾತ್ರ ಬಿಡೋ ಹಾಗಿಲ್ಲ. ಆಬ್ಜೆಕ್ಟ್ ಓರಿಯೆಂಟೆಡ್ ಓದಿದವರಿಗೆ ಇನ್‌ಹೆರಿಟೆನ್ಸ್ ನೆನಪಾಗಬೇಕು. ಈ ಪಟ್ಟಿಗಾಗಿ ಎಷ್ಟು ಸಭೆ, ಎಷ್ಟು ಜಗಳ ಆಗಿರಬೇಕು ಅಂತ ರಿಕ್ವೈರ್‌ಮೆಂಟ್ ಮೀಟಿಂಗ್‌ನಲ್ಲಿ ಕೂತವರು ಊಹಿಸಬಲ್ಲರು. ಅದಾದ ಮೇಲೆ ಬಂತು ಡಿಎಚ್ಐಎಸ್ ತಂತ್ರಾಂಶ, ಮೈಕ್ರೋಸಾಫ್ಟ್ ಆಕ್ಸೆಸ್ ಮೇಲೆ ಕಟ್ಟಿದ್ದು. ನಗಬೇಡಿ. ಇಂಟರ್‌ನೆಟ್ ಇಲ್ಲದ ಜಿಲ್ಲಾ ಕಚೇರಿಯಲ್ಲಿ 1990ರ ದಶಕದ ಕೊನೆಗೆ ಅದಕ್ಕಿಂತ ಪ್ರಾಯೋಗಿಕವಾದ್ದು ಇನ್ನೇನಿತ್ತು?

2000ದ ಕೊನೆಗೆ ಅದೇ ಆಕ್ಸೆಸ್ ತಂತ್ರಾಂಶ ಕುಪ್ಪಂಗೆ ಬಂತು. ಆಗಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರ ಸ್ವಂತ ಕ್ಷೇತ್ರ ಅದು. ಕಂಪ್ಯೂಟರ್ ಅಂದರೆ ಬಾಗಿಲು ತೆರೆಯೋ ಕಾಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಹಾಯಕಿಯರು ಹೊತ್ತು ತಿರುಗುತ್ತಿದ್ದ ರಿಜಿಸ್ಟರುಗಳ ರಾಶಿಯಿಂದ ತಿಂಗಳ ವರದಿ ತೆಗೆಯೋದು ಉದ್ದೇಶ. ಕೆಲಸ ನಡೆಯಿತು, ಆದರೆ ಇಡೀ ರಾಜ್ಯದ ವ್ಯವಸ್ಥೆಯಾಗಿ ಅದು ನೆಲೆಯೂರಲಿಲ್ಲ. ಪೈಲಟ್ ಪ್ರಾಜೆಕ್ಟುಗಳ ಹಣೆಬರಹವೇ ಅದು. ಇದರ ಸುತ್ತಮುತ್ತಲೇ ಬ್ರಾ, ಮಾಂಟೇರೋ ಮತ್ತು ಸಂದೀಪ್ ಸಹಾಯ್ 2004ರಲ್ಲಿ ಒಂದು ಹೆಸರಾಂತ ಪ್ರಬಂಧ ಬರೆದರು. ಒಂಟಿ ಪೈಲಟ್ ಬದುಕೋದಿಲ್ಲ, ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಹರಿಯುವ ಜಾಲ ಇರಬೇಕು ಅನ್ನೋದು ಅದರ ವಾದ.

ಆ ಜಾಲ ಕೇರಳದಲ್ಲಿ ಫಲ ಕೊಟ್ಟಿತು. ಅಲ್ಲಿ ಮುಕ್ತ ತಂತ್ರಾಂಶದ ಪರವಾದ ಗಾಳಿ ಬಲವಾಗಿತ್ತು, ಆಕ್ಸೆಸ್ ನಡೆಯೋ ಮಾತೇ ಇಲ್ಲ. ಓಸ್ಲೋದಲ್ಲಿ ಜಾವಾದಲ್ಲಿ ಹೊಸದಾಗಿ ಬರೆಯುತ್ತಿದ್ದ ಡಿಎಚ್ಐಎಸ್-2 ಮೊದಲು ಕಣಕ್ಕಿಳಿದಿದ್ದು 2006ರಲ್ಲಿ, ಕೇರಳದಲ್ಲಿ. ಐದು ವರ್ಷದ ನಂತರ, 2011ರಲ್ಲಿ, ಕೀನ್ಯಾ ಇಡೀ ದೇಶಕ್ಕೆ ಒಂದೇ ಸರ್ವರ್ ಇಟ್ಟು ಅದನ್ನು ಆನ್‌ಲೈನ್ ಮಾಡಿತು. ಅದಕ್ಕೂ ಮುಂಚೆ ಜಿಲ್ಲೆಗಳಿಂದ ಎಕ್ಸೆಲ್ ಕಡತಗಳು ಬರುತ್ತಿದ್ದವು. ಮೊಬೈಲ್ ಮೋಡೆಮ್ ಕೈಕೊಟ್ಟರೂ ನಮೂದಿಸಿದ್ದು ಕಳೆದುಹೋಗದಂತೆ, ಬ್ರೌಸರ್‌ನಲ್ಲೇ ಉಳಿಸಿ ಆಮೇಲೆ ಕಳಿಸುವ ಸೌಲಭ್ಯವನ್ನು ಕೀನ್ಯಾಕ್ಕಾಗಿಯೇ ಸೇರಿಸಿದರು. ಇಲ್ಲಿಂದ ಮುಂದಿನದು ವೇಗದ ಕಥೆ: ಈಗ 70ಕ್ಕೂ ಹೆಚ್ಚು ದೇಶಗಳು ಬಳಸುತ್ತವೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಒಂದು ಸಣ್ಣ ಸೆಟ್ಟಿಂಗ್. ಡಿಎಚ್ಐಎಸ್-2ರಲ್ಲಿ ನೀವು ಒಂದು ಅಂಕಣಕ್ಕೆ 0 ಅಂತ ಟೈಪ್ ಮಾಡಿದರೆ, ಸಾಮಾನ್ಯವಾಗಿ ಅದು ಉಳಿಯೋದಿಲ್ಲ. ‘ಸೊನ್ನೆಯನ್ನೂ ಉಳಿಸು’ ಅಂತ ಆ ಅಂಕಣಕ್ಕೆ ಬೇರೆಯಾಗಿ ಟಿಕ್ ಹಾಕಬೇಕು. ಕೋಟಿಗಟ್ಟಲೆ ಸೊನ್ನೆಗಳಿಂದ ಡೇಟಾಬೇಸ್ ಉಬ್ಬಬಾರದು ಅಂತ ಈ ಏರ್ಪಾಡು. ಎಂಜಿನಿಯರಿಂಗ್ ದೃಷ್ಟಿಯಿಂದ ಸರಿಯೇ. ಈಗ ಅಂಕಣದ ಹೆಸರು ‘ಹೆರಿಗೆಯಲ್ಲಿ ತಾಯಿ ಮರಣ’ ಅಂದುಕೊಳ್ಳಿ. ಟಿಕ್ ಹಾಕೋದು ಮರೆತರೆ, ಈ ತಿಂಗಳು ಯಾರೂ ಸಾಯಲಿಲ್ಲ ಅನ್ನೋದಕ್ಕೂ ಯಾರೂ ಬರೆಯಲಿಲ್ಲ ಅನ್ನೋದಕ್ಕೂ ಪರದೆಯ ಮೇಲೆ ವ್ಯತ್ಯಾಸವೇ ಇಲ್ಲ. ನಲ್ ಮತ್ತು ಸೊನ್ನೆ ಬೇರೆ ಅಂತ ನಾವು ಕೋಡ್ ರಿವ್ಯೂನಲ್ಲಿ ಜೂನಿಯರ್‌ಗಳನ್ನು ಬೈತೀವಲ್ಲ, ಅದೇ ಮಾತು. ಬೆಲೆ ಮಾತ್ರ ಬೇರೆ.

ಇನ್ನು ಕಾಗದದ ಕಡೆ ಬನ್ನಿ. 2500 ಗ್ರಾಂಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಶಿಶು, ವಿಶೇಷ ಗಮನ ಬೇಕು. ಎಷ್ಟೋ ದೇಶಗಳ ಜನನ ತೂಕದ ದತ್ತಾಂಶವನ್ನು ಗ್ರಾಫ್ ಮಾಡಿದರೆ ಸರಿಯಾಗಿ 2500ರ ಮೇಲೆ ಒಂದು ಗೋಪುರ ಎದ್ದಿರುತ್ತೆ. ಮಕ್ಕಳು ಹಾಗೆ ಹುಟ್ಟೋದಿಲ್ಲ, ಬರೆಯುವವರು ದುಂಡು ಮಾಡ್ತಾರೆ. 2460 ಗ್ರಾಂನ ಮಗು ಎರಡೂವರೆ ಕಿಲೋ ಆದ ಕ್ಷಣ ಅಪಾಯದ ಪಟ್ಟಿಯಿಂದ ಜಾರಿಬಿಡುತ್ತೆ. ನಮ್ಮಕ್ಕನ ಮಗಳು ಹುಟ್ಟಿದಾಗ ತಕ್ಕಡಿಯಲ್ಲಿ 2.4 ಚಿಲ್ಲರೆ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ತಾಯಿ ಕಾರ್ಡ್‌ನಲ್ಲಿ ಬರೆದದ್ದು 2.5. ಆಗ ನಾನೂ ಖುಷಿಪಟ್ಟೆ, ‘ಪರವಾಗಿಲ್ಲ, ನಾರ್ಮಲ್’ ಅಂತ. ಇದಕ್ಕಿಂತ ಕಷ್ಟದ್ದು, ಹುಟ್ಟುವಾಗ ಎದೆಬಡಿತ ಇದ್ದು ಉಸಿರಾಡದ ಮಗು. ಅದನ್ನು ‘ಸತ್ತು ಹುಟ್ಟಿದ್ದು’ ಅಂತ ಬರೆದರೆ ನವಜಾತ ಮರಣದ ವಿಚಾರಣೆ ಇಲ್ಲ, ಬೈಗುಳ ಇಲ್ಲ. ಆದರೆ ಉಸಿರು ಕೊಡುವ ಬ್ಯಾಗ್-ಮಾಸ್ಕ್ ಅಲ್ಲಿ ಇತ್ತೇ ಅನ್ನೋ ಪ್ರಶ್ನೆಯೂ ಏಳೋದಿಲ್ಲ.

ಈ ರಿಜಿಸ್ಟರುಗಳನ್ನು ಎಷ್ಟು ನಂಬಬಹುದು ಅಂತ ನೇರವಾಗಿ ಅಳೆದದ್ದು ‘ಎನ್-ಬರ್ತ್’ ಅಧ್ಯಯನ. 2017-18ರಲ್ಲಿ ಬಾಂಗ್ಲಾದೇಶ, ನೇಪಾಳ, ತಾಂಜಾನಿಯಾದ 5 ಆಸ್ಪತ್ರೆಗಳಲ್ಲಿ 23,000ಕ್ಕೂ ಹೆಚ್ಚು ಹೆರಿಗೆಗಳನ್ನು ತರಬೇತಿ ಪಡೆದ ವೀಕ್ಷಕರು ಟ್ಯಾಬ್ಲೆಟ್ ಹಿಡಿದು, ಗಳಿಗೆ ಗಳಿಗೆ ನಮೂದಿಸುತ್ತಾ ನೋಡಿದರು. ಆಮೇಲೆ ರಿಜಿಸ್ಟರ್ ಏನು ಹೇಳುತ್ತೆ, ಮನೆಗೆ ಹೊರಟ ತಾಯಿ ಏನು ಹೇಳ್ತಾಳೆ ಅಂತ ಹೋಲಿಸಿದರು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು: ರಿಜಿಸ್ಟರ್ ಪ್ರಕಾರ ಸುಮಾರು ಶೇ. 86. ತಾಯಂದಿರ ಪ್ರಕಾರ ಶೇ. 53. ವೀಕ್ಷಕರು ಕಣ್ಣಾರೆ ಕಂಡದ್ದು ಶೇ. 11. ಬ್ಯಾಗ್-ಮಾಸ್ಕ್‌ನಿಂದ ಉಸಿರು ಕೊಟ್ಟ ವಿಷಯದಲ್ಲಿ ಉಲ್ಟಾ: ಕೊಟ್ಟಿದ್ದರೂ ಎಷ್ಟೋ ತಾಯಂದಿರ ಮಾತಿನಲ್ಲಿ ಅದು ಬರಲೇ ಇಲ್ಲ.

ನರ್ಸುಗಳು ಸುಳ್ಳು ಬರೆದರು ಅಂತ ಹೇಳೋದು ಸುಲಭ. ಅದೇ ಅಧ್ಯಯನದವರು ಅವರ ಜೊತೆ ಕೂತು ಮಾತಾಡಿದಾಗ ಕೇಳಿಬಂದದ್ದು ಬೇರೆ: ಒಂದೇ ವಿಷಯವನ್ನು ಹಲವು ಕಡೆ ಬರೆಯಬೇಕು, ಅಂಕಣಗಳ ವಿನ್ಯಾಸ ಸರಿಯಿಲ್ಲ, ಕೆಲಸದ ಒತ್ತಡ ಬೇರೆ. ಕೇಪ್‌ಟೌನ್‌ನಲ್ಲಿ ಆ ಚಿಕ್ಕ ಪಟ್ಟಿಗಾಗಿ ಕೂತು ಜಗಳವಾಡಿದವರಿಗೆ ಈ ದೂರು ಹೊಸದಲ್ಲ.