ಮಾತ್ರೆ ತಪ್ಪುವುದು ಏಕೆ?

1956ರಲ್ಲಿ ಪೋರ್ಟೊರಿಕೊದಲ್ಲಿ ಗರ್ಭನಿರೋಧಕ ಮಾತ್ರೆಯ ಮೊದಲ ದೊಡ್ಡ ಪ್ರಯೋಗ ನಡೆಯಿತು. ಅದರ ಉಸ್ತುವಾರಿ ಹೊತ್ತಿದ್ದ ವೈದ್ಯೆ ಎಡ್ರಿಸ್ ರೈಸ್-ರೇ, ನೂರಕ್ಕೆ 17 ಹೆಂಗಸರಲ್ಲಿ ಹೊಟ್ಟೆ ತೊಳಸುವುದು, ತಲೆಸುತ್ತು, ತಲೆನೋವು ಕಾಣಿಸಿಕೊಂಡಿದೆ ಎಂದು ವರದಿ ಕೊಟ್ಟರು. ಮಾತ್ರೆಯ ಹಿಂದಿದ್ದ ವಿಜ್ಞಾನಿ ಗ್ರೆಗರಿ ಪಿಂಕಸ್, ಇವು ಬಹುಪಾಲು ಮನಸ್ಸಿನ ಕಲ್ಪನೆ ಎಂದು ಬದಿಗಿಟ್ಟರು. ಹೆಂಗಸರು ಮಾತ್ರೆ ಬಿಡುವುದೇಕೆ ಎಂಬುದಕ್ಕೆ ಮೊದಲ ಉತ್ತರ ಆ ವರದಿಯಲ್ಲೇ ಇತ್ತು. ಅದನ್ನು ಕಿವಿಗೊಟ್ಟು ಕೇಳಲು ದಶಕಗಳು ಹಿಡಿದವು.

ಅಷ್ಟರಲ್ಲಿ ಬೇರೊಂದು ಉತ್ತರ ಬೇರೂರಿತು: ಮರೆವು. ಹೆಂಡತಿ ಮಾತ್ರೆ ನುಂಗಿದಳೋ ಇಲ್ಲವೋ ಎಂಬ ಗೊಂದಲ ತಪ್ಪಿಸಲು ಇಲಿನಾಯ್‌ನ ಎಂಜಿನಿಯರ್ ಡೇವಿಡ್ ವ್ಯಾಗ್ನರ್ ದಿನಗಳನ್ನು ಗುರುತಿಸಿದ ದುಂಡನೆಯ ಡಬ್ಬಿಯೊಂದನ್ನು ಮಾಡಿದ. 1963ರ ಹೊತ್ತಿಗೆ ಅಂಥ ಡಬ್ಬಿಗಳು ಮಾರುಕಟ್ಟೆಗೆ ಬಂದವು. 21 ಮಾತ್ರೆಗಳ ಜೊತೆಗೆ ಹಾರ್ಮೋನಿಲ್ಲದ ಏಳನ್ನು ಸೇರಿಸಿದ್ದೂ ರೂಢಿ ತಪ್ಪದಿರಲೆಂದೇ. ನಮ್ಮ ದೇಶದ ಮಾಲಾ-ಎನ್ ಗರ್ಭನಿರೋಧಕದಲ್ಲಿ ಆ ಏಳು ಕಬ್ಬಿಣಾಂಶದ ಮಾತ್ರೆಗಳು.

1996ರಲ್ಲಿ ಅಮೆರಿಕದ ಅಧ್ಯಯನವೊಂದು ಡಬ್ಬಿಯೊಳಗೇ ಎಲೆಕ್ಟ್ರಾನಿಕ್ ಸಾಧನ ಇಟ್ಟು ಲೆಕ್ಕ ಹಿಡಿಯಿತು. ಮೊದಲ ತಿಂಗಳು ಒಂದೂ ತಪ್ಪಿಸಿಲ್ಲ ಎಂದು ಅರ್ಧಕ್ಕಿಂತ ಹೆಚ್ಚು ಮಂದಿ ಡೈರಿಯಲ್ಲಿ ಬರೆದಿದ್ದರು. ಸಾಧನದ ಲೆಕ್ಕದಲ್ಲಿ ಅಂಥವರು ಮೂರನೇ ಒಂದು ಭಾಗವನ್ನೂ ದಾಟಲಿಲ್ಲ. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ತಪ್ಪಾಯಿತೆಂದರೆ ಬೈಸಿಕೊಳ್ಳಬೇಕಾದ ಕಡೆ ಯಾರು ತಾನೇ ನಿಜ ಬರೆದಾರು? 2010ರಲ್ಲಿ ಸಂಶೋಧಕರು ದಿನವೂ ಮೊಬೈಲ್ ಸಂದೇಶ ಕಳಿಸಿ ನೋಡಿದರು. ಸಂದೇಶ ಬಂದವರೂ ಬಾರದವರೂ ತಿಂಗಳಿಗೆ ಹೆಚ್ಚುಕಡಿಮೆ ಐದು ಮಾತ್ರೆ ತಪ್ಪಿಸಿದ್ದರು. ನೆನಪಿಸುವುದೊಂದೇ ಮದ್ದಲ್ಲ ಎಂಬುದು ಆಗ ಗಟ್ಟಿಯಾಯಿತು.

ಕಾರಣಗಳು ದೇಹದಲ್ಲಿವೆ, ಮನೆಯಲ್ಲೂ ಇವೆ. ಮೊದಲ ಎರಡು ಮೂರು ತಿಂಗಳು ನಡುನಡುವೆ ರಕ್ತ ಕಾಣಿಸಿಕೊಳ್ಳುವುದು ಸಾಮಾನ್ಯ. ಇದನ್ನು ಮುಂಚೆಯೇ ಹೇಳದಿದ್ದರೆ ಹೆಂಗಸು ಗಾಬರಿಯಾಗಿ ನಿಲ್ಲಿಸುತ್ತಾಳೆ. ಅತ್ತೆಯ ಕಣ್ಣು ತಪ್ಪಿಸಿ ಅಕ್ಕಿ ಡಬ್ಬದಲ್ಲಿ ಮಾತ್ರೆಯ ಹಾಳೆ ಬಚ್ಚಿಟ್ಟವಳಿಗೆ ಅಡುಗೆಮನೆ ಖಾಲಿಯಾದಾಗಲೇ ಮಾತ್ರೆಯ ಹೊತ್ತು. ದುಡಿಯಲು ಹೋದ ಗಂಡ ಹಬ್ಬಕ್ಕೆ ಮಾತ್ರ ಬರುವ ಮನೆಯಲ್ಲಿ ದಿನಾ ನುಂಗುವುದೇಕೆ ಎನಿಸುವುದು ಸಹಜ. ಸಂಗಾತಿಯೇ ಮಾತ್ರೆ ಎಸೆಯುವ, ಬಚ್ಚಿಡುವ ದೌರ್ಜನ್ಯವನ್ನು ಅಮೆರಿಕದ ಸಂಶೋಧಕರು 2010ರಲ್ಲಿ ದಾಖಲಿಸಿದರು. ಇದಕ್ಕೂ ಮರೆವಿಗೂ ಏನು ಸಂಬಂಧ?

ಔಷಧದ ಗುಣವೂ ಮುಖ್ಯ. ಹಾರ್ಮೋನಿಲ್ಲದ ಏಳು ದಿನಗಳಲ್ಲಿ ಅಂಡಾಶಯ ನಿಧಾನವಾಗಿ ಎಚ್ಚರಗೊಳ್ಳುತ್ತಿರುತ್ತದೆ. ಹೊಸ ಹಾಳೆಯ ಮೊದಲ ಮಾತ್ರೆಗಳು ತಪ್ಪಿದರೆ ಆ ಬಿಡುವು ಉದ್ದವಾಗಿ ಅಂಡ ಹೊರಬರಬಹುದು. ಹಾಳೆಯ ನಡುವಿನ ವಾರದಲ್ಲಿ ಒಂದು ತಪ್ಪಿದ್ದಕ್ಕಿಂತ ಇದರ ಅಪಾಯ ಹೆಚ್ಚು. ಹಾಳೆ ಕೈಗಿಡುವಾಗ ಹೇಳಲೇಬೇಕಾದ ಮಾತು ಇದು. ಪ್ರೊಜೆಸ್ಟೋಜನ್ ಎಂಬ ಹಾರ್ಮೋನ್ ಮಾತ್ರವೇ ಇರುವ ಹಳೆಯ ಮಾತ್ರೆಗಳಲ್ಲಿ ಮೂರು ಗಂಟೆ ತಡವಾದರೂ ತಪ್ಪಿದಂತೆ. ಅದೇ ಬಗೆಯ ಹೊಸ ಮಾತ್ರೆ ಡೆಸೊಜೆಸ್ಟ್ರೆಲ್ ಬಂದ ಮೇಲೆ ಆ ಗಡುವು ಹನ್ನೆರಡು ಗಂಟೆಯಾಯಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಸೆಂಟ್‌ಕ್ರೋಮನ್ ಎಂಬ ಗರ್ಭನಿರೋಧಕ 1991ರಲ್ಲಿ ‘ಸಹೇಲಿ’ಯಾಗಿ ಬಂತು. ಇಂದು ಸರ್ಕಾರ ಅದನ್ನೇ ‘ಛಾಯಾ’ ಎಂದು ಉಚಿತವಾಗಿ ಕೊಡುತ್ತದೆ. ಅದನ್ನು ದಿನಾ ನುಂಗಬೇಕಿಲ್ಲ: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು.

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿತ್ತು. ಆದರೂ ಇವತ್ತು ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಪರೇಷನ್ ಮಾಡಿಸಿಕೊಂಡವರೇ. ಮಾತ್ರೆ ನುಂಗುವವರು ತೀರಾ ಕಡಿಮೆ. ಆರೋಗ್ಯ ಇಲಾಖೆಯ ತಿಂಗಳ ವರದಿಯಲ್ಲಿ ಎಷ್ಟು ಹಾಳೆ ಹಂಚಿದೆವು ಎಂಬುದಕ್ಕೆ ಕಾಲಂ ಇದೆ. ಅರ್ಧಕ್ಕೇ ಬಿಟ್ಟವಳು ಏಕೆ ಬಿಟ್ಟಳು ಎಂಬುದನ್ನು ಆಶಾ ಕಾರ್ಯಕರ್ತೆ ಬಲ್ಲಳು. ಅವಳನ್ನು ಕೇಳಬೇಕು.