ಒಂದು ಟವರ್ ಬಿದ್ದರೆ...

ಹೈಟೆನ್ಷನ್ ಲೈನಿನ ಟವರ್ ಅಂದರೆ ಅಲುಗಾಡದ ವಸ್ತು ಅಂತಲೇ ನಮ್ಮ ಭಾವನೆ. ನಾಲ್ಕು ಕಾಲೂರಿ, ಮೈತುಂಬ ಉಕ್ಕಿನ ಪಟ್ಟಿಗಳ ಹೆಣಿಗೆ ಹೊತ್ತು ನಿಂತ ಆ ಗೋಪುರ ಬೀಳಬಹುದು ಅಂತ ಯಾರು ಎಣಿಸುತ್ತಾರೆ? 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಅಂಥವು ನೂರಾರು ಬಿದ್ದವು. ಅದೂ ಗಾಳಿಗಲ್ಲ, ಮಳೆಗೆ!

ಕ್ವಿಬೆಕ್ಕಿನವರು ಈ ವಿದ್ಯೆಗೆ ಹೊಸಬರೇನಲ್ಲ. 735 ಕಿಲೋವೋಲ್ಟ್ ಲೈನನ್ನು ಜಗತ್ತಿನಲ್ಲಿ ಮೊದಲು ಎಳೆದವರೇ ಅವರು, 1965ರಲ್ಲಿ. ದೂರದ ನದಿಗಳ ಕರೆಂಟನ್ನು ನೂರಾರು ಕಿಲೋಮೀಟರ್ ದಾಟಿಸಿ ಮಾಂಟ್ರಿಯಲ್‌ಗೆ ತರುವ ಈ ದಾರಿ ಹೊಳೆದದ್ದು ಜಾನ್-ಜಾಕ್ ಆರ್ಷಾಂಬೊ ಎಂಬ ಎಂಜಿನಿಯರಿಗೆ. ಚಳಿ, ಹಿಮ ಅವರಿಗೆ ದಿನನಿತ್ಯದ ಮಾತು.

ಆದರೆ ಆ ಜನವರಿ 5ರಿಂದ 10ರವರೆಗೆ ಸುರಿದದ್ದು ಹಿಮವಲ್ಲ. ಮೇಲೆ ಬೆಚ್ಚಗಿನ ಗಾಳಿ, ನೆಲದ ಹತ್ತಿರ ಕೊರೆಯುವ ಗಾಳಿ ಇದ್ದಾಗ ಹನಿ ನೀರಾಗಿಯೇ ಬೀಳುತ್ತದೆ, ಮುಟ್ಟಿದ ತಕ್ಷಣ ಗಡ್ಡೆ ಕಟ್ಟುತ್ತದೆ. ಮಾಂಟ್ರಿಯಲ್‌ನಲ್ಲಿ ಹೀಗೆ ಬಿದ್ದದ್ದು ಸುಮಾರು 100 ಮಿಲಿಮೀಟರ್.

ಒಂದು ಸಣ್ಣ ಲೆಕ್ಕ ಹಾಕೋಣ. 3 ಸೆಂಟಿಮೀಟರ್ ದಪ್ಪದ ತಂತಿಯ ಸುತ್ತ 4 ಸೆಂಟಿಮೀಟರ್ ಮಂಜುಗಡ್ಡೆ ಕಟ್ಟಿತು ಅನ್ನಿ. ಮೀಟರಿಗೆ ಸುಮಾರು 8 ಕಿಲೋ ಭಾರ. ಎರಡು ಟವರುಗಳ ನಡುವೆ 400 ಮೀಟರ್ ಇದ್ದರೆ ಒಂದು ತಂತಿಗೆ 3 ಟನ್ನಿಗೂ ಹೆಚ್ಚು. ಅಂಥ ತಂತಿಗಳು ಹನ್ನೆರಡು ಇದ್ದರೆ?

ಇಷ್ಟಾದರೂ ಅಷ್ಟೊಂದು ಗೋಪುರಗಳು ಉರುಳಿದ್ದಕ್ಕೆ ಭಾರವೊಂದೇ ಕಾರಣವಲ್ಲ. ನೇರ ಸಾಲಿನಲ್ಲಿರುವ ಸಾಮಾನ್ಯ ಟವರಿನ ಕೆಲಸ ತಂತಿಯನ್ನು ಮೇಲೆತ್ತಿ ಹಿಡಿಯುವುದು, ಅಷ್ಟೇ. ಆಚೆಯ ತಂತಿ ಆಚೆಗೆ ಎಳೆಯುತ್ತದೆ, ಈಚೆಯದು ಈಚೆಗೆ. ಎರಡೂ ಸಮವಾಗಿರುವವರೆಗೆ ಟವರಿಗೆ ಆ ಎಳೆತ ಗೊತ್ತೇ ಆಗುವುದಿಲ್ಲ. ಹಗ್ಗಜಗ್ಗಾಟದಲ್ಲಿ ಒಂದು ತಂಡ ಫಕ್ಕನೆ ಕೈಬಿಟ್ಟರೆ ಏನಾಗುತ್ತದೆ ನೆನಪಿಸಿಕೊಳ್ಳಿ. ಒಂದು ಟವರ್ ಮುರಿದರೆ ಪಕ್ಕದ್ದಕ್ಕೆ ಒಂದೇ ಕಡೆಯ ಎಳೆತ. ಅದು ಬಿದ್ದರೆ ಅದರಾಚೆಯದಕ್ಕೆ. ಹೀಗೆ ಇಸ್ಪೀಟಿನ ಎಲೆಗಳ ಹಾಗೆ ಸಾಲು ಸಾಲೇ ಮಲಗಿತು. ಬಿದ್ದವುಗಳಲ್ಲಿ ಎಷ್ಟೋ ಟವರುಗಳನ್ನು ಉರುಳಿಸಿದ್ದು ನೆರೆಯ ಟವರೇ.

ಕ್ವಿಬೆಕ್ಕಿನಲ್ಲಿ ಸುಮಾರು 14 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಮನೆ ಬೆಚ್ಚಗಿಡುವುದಕ್ಕೂ ಅಲ್ಲಿ ಬಹಳ ಮಂದಿಗೆ ಕರೆಂಟೇ ಗತಿ. ಜನವರಿ 9ರ ಶುಕ್ರವಾರ ಮಾಂಟ್ರಿಯಲ್‌ನ ನೀರು ಶುದ್ಧೀಕರಣ ಘಟಕಗಳೂ ನಿಂತವು. ಸಾವಿರಾರು ಸೈನಿಕರು ನೆರವಿಗೆ ಬಂದರು. ಮಾಂಟ್ರಿಯಲ್‌ನ ದಕ್ಷಿಣದ ಒಂದು ಪ್ರದೇಶಕ್ಕೆ 'ಕತ್ತಲ ತ್ರಿಕೋನ' ಅಂತ ಹೆಸರೇ ಬಿತ್ತು. ಅಲ್ಲಿ ಕೆಲವರು ವಾರಗಟ್ಟಲೆ ಕತ್ತಲಲ್ಲಿದ್ದರು. ಚಳಿಗೆ ಸತ್ತವರಿದ್ದಾರೆ, ಬೆಚ್ಚಗಾಗಲು ಹೊತ್ತಿಸಿದ ಒಲೆ, ಜನರೇಟರುಗಳ ವಿಷಾನಿಲಕ್ಕೆ ಸತ್ತವರೂ ಇದ್ದಾರೆ.

ಆಮೇಲೆ ಮಾಡಿದ್ದೇನು? ಎಲ್ಲ ಟವರುಗಳನ್ನೂ ವಜ್ರಕಾಯ ಮಾಡಲು ಹೋಗಲಿಲ್ಲ. ಮುಖ್ಯ ಲೈನುಗಳಲ್ಲಿ ಸುಮಾರು ಹತ್ತಕ್ಕೊಂದರಂತೆ, ಒಂದೇ ಕಡೆಯ ಎಳೆತವನ್ನೂ ತಡೆಯುವ ಗಟ್ಟಿ ಟವರುಗಳನ್ನು ನಿಲ್ಲಿಸಿದರು. ನಡುವಿನವು ಬಿದ್ದರೆ ಬೀಳಲಿ, ಉರುಳುವುದು ಅಲ್ಲಿಗೆ ನಿಲ್ಲಲಿ ಅನ್ನುವ ಲೆಕ್ಕ. ಲೆವಿ ಸಬ್‌ಸ್ಟೇಷನ್ನಿನಲ್ಲಿ ತಂತಿಗೆ ನೇರ ವಿದ್ಯುತ್ ಹಾಯಿಸಿ ಮಂಜುಗಡ್ಡೆ ಕರಗಿಸುವ ವ್ಯವಸ್ಥೆಯನ್ನೂ ಮಾಡಿದರು.

ಇಡೀ ಕಥೆಯಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಆ ಹತ್ತನೆಯ ಟವರು. ಗಟ್ಟಿ ಟವರಿಗೆ ದುಡ್ಡು ಹೆಚ್ಚು, ಒಳ್ಳೆಯ ದಿನಗಳಲ್ಲಿ ಅದು ಮಾಡುವ ಕೆಲಸವೋ ಪಕ್ಕದ ಟವರು ಮಾಡುವಷ್ಟೇ. ಇಪ್ಪತ್ತು ವರ್ಷ ಏನೂ ಆಗದಿದ್ದರೆ ದಂಡದ ಖರ್ಚು ಅಂತ ಯಾರಾದರೂ ಗೊಣಗಿಯೇ ಗೊಣಗುತ್ತಾರೆ. ಅದರ ಬೆಲೆ ತಿಳಿಯುವುದು ಪಕ್ಕದ ಒಂಬತ್ತು ಬಿದ್ದ ದಿನವೇ. ಏನಂತೀರಿ?