ಶೇ 68, ಶೇ 1: ಜ್ಯೂರಿ ಹಂಚುವ ತಪ್ಪು, ಕಾನೂನು ಹೊರಿಸುವ ಹೊಣೆ

1993ರ ಫೆಬ್ರುವರಿ 26ರಂದು ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಬಾಂಬ್ ತುಂಬಿದ್ದ ವ್ಯಾನ್ ಸ್ಫೋಟಗೊಂಡು ಆರು ಜನ ಸತ್ತರು. ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಕಟ್ಟಡ ಪೋರ್ಟ್ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆಯದು. ಸಂತ್ರಸ್ತರು ಹೂಡಿದ ದಾವೆಯಲ್ಲಿ 2005ರಲ್ಲಿ ಜ್ಯೂರಿ ತಪ್ಪನ್ನು ಹಂಚಿದ್ದು ಹೀಗೆ: ಭಯೋತ್ಪಾದಕರಿಗೆ ಶೇ 32, ಪೋರ್ಟ್ ಅಥಾರಿಟಿಗೆ ಶೇ 68. ಬಾಂಬ್ ಇಟ್ಟವರಿಗಿಂತ ಅವರನ್ನು ತಡೆಯದವರ ತಪ್ಪು ದೊಡ್ಡದಾದೀತೆ? ಮೊದಲ ಓದಿಗೆ ಹೀಗೆ ಅನ್ನಿಸದೆ ಇರದು. ಜ್ಯೂರಿಯ ಮುಂದಿದ್ದ ಸಾಕ್ಷ್ಯವನ್ನು ನೋಡಿದ ಮೇಲೆ ಮಾತ್ರ ಈ ಅಂಕಿಯನ್ನು ತಳ್ಳಿಹಾಕುವುದು ಕಷ್ಟ.

ಪೋರ್ಟ್ ಅಥಾರಿಟಿಯದೇ ಒಂದು ವಿಭಾಗ 1985ರಲ್ಲಿ ವರದಿ ಕೊಟ್ಟಿತ್ತು. ಸ್ಫೋಟಕ ತುಂಬಿದ ವಾಹನವನ್ನು ಒಳಗೆ ತಂದು ನಿಲ್ಲಿಸಿ, ಚಾಲಕ ಯಾರ ಕಣ್ಣಿಗೂ ಬೀಳದೆ ಲಿಫ್ಟ್ ಹಿಡಿದು ಹೊರಟುಹೋಗಬಹುದು ಎಂದು ಅದರಲ್ಲಿ ಬರೆದಿತ್ತು. ಸಾರ್ವಜನಿಕ ಪಾರ್ಕಿಂಗನ್ನೇ ಮುಚ್ಚಿ ಎಂಬುದು ಶಿಫಾರಸು. ಆದಾಯ ಕೈತಪ್ಪುತ್ತದೆ, ಬಾಡಿಗೆದಾರರಿಗೆ ತೊಂದರೆಯಾಗುತ್ತದೆ ಎಂಬ ಕಾರಣಗಳಿಂದ ಅದು ಜಾರಿಗೆ ಬರಲಿಲ್ಲ. ಎಂಟು ವರ್ಷಗಳ ನಂತರ ನಡೆದದ್ದು ಹೆಚ್ಚುಕಡಿಮೆ ಆ ವರದಿಯಲ್ಲಿದ್ದಂತೆಯೇ.

ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ 2000ರಲ್ಲಿ ಹೊರತಂದ ಹೊಣೆ ಹಂಚಿಕೆಯ ನಿಯಮ ಸಂಗ್ರಹ ಎರಡು ವಿಷಯಗಳನ್ನು ತೂಗಲು ಹೇಳುತ್ತದೆ. ಅಪಾಯ ಒಡ್ಡಿದವನ ನಡತೆ ಎಂಥದು, ಅಂದರೆ ಅವನಿಗೆ ಅಪಾಯದ ಅರಿವಿತ್ತೆ, ಗೊತ್ತಿದ್ದೂ ಅಸಡ್ಡೆ ಮಾಡಿದನೆ ಎಂಬುದು ಮೊದಲನೆಯದು. ಆ ನಡತೆಗೂ ಆದ ಹಾನಿಗೂ ಇರುವ ಸಂಬಂಧ ಎಷ್ಟು ಗಟ್ಟಿ ಎಂಬುದು ಎರಡನೆಯದು. ಅಸಡ್ಡೆಯನ್ನೂ ಕಾರಣವನ್ನೂ ಒಂದೇ ಮಾನದಲ್ಲಿ ಅಳೆಯಲು ಬರುವುದಿಲ್ಲ. ಹಾಗಾಗಿ 68 ಎಂಬುದು ಅಳತೆಯಲ್ಲ, ನೈತಿಕ ನಿರ್ಣಯ. ಅದನ್ನು ಅಂಕಿಯಲ್ಲಿ ಬರೆಯಬೇಕಾಗಿ ಬಂದಿದೆ, ಅಷ್ಟೆ. ಇದರಲ್ಲಿ ನನಗೆ ದೋಷ ಕಾಣುವುದಿಲ್ಲ. ಕಂಡೂ ಕಾಣದಂತಿದ್ದವರ ಬಗ್ಗೆ ಸಾಮಾನ್ಯ ನಾಗರಿಕರ ಮಾತು ಕೇಳಬೇಕೆಂದೇ ಜ್ಯೂರಿ ಇರುವುದು.

ತೊಡಕಿರುವುದು ಮುಂದಿನ ಹಂತದಲ್ಲಿ. ನೋವು, ಯಾತನೆಯಂಥ ಆರ್ಥಿಕೇತರ ನಷ್ಟಕ್ಕೆ ನ್ಯೂಯಾರ್ಕ್ ಕಾನೂನು ಶೇ 50ರಲ್ಲಿ ಗೆರೆ ಎಳೆದಿದೆ. ಪ್ರತಿವಾದಿಯ ತಪ್ಪು ಶೇ 50 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಕಾನೂನೇ ಹೇಳಿದ ಕೆಲವು ಸಂದರ್ಭ ಬಿಟ್ಟು, ತನ್ನ ಪಾಲಷ್ಟೇ ಕೊಡಬೇಕು. ಗೆರೆ ದಾಟಿದರೆ ಉಳಿದವರ ಪಾಲೂ ಅವನ ತಲೆಗೆ. 68 ಬದಲು 48 ಬಿದ್ದಿದ್ದರೆ ನೈತಿಕ ನಿರ್ಣಯದಲ್ಲಿ ಅಂಥ ಅಂತರವೇನೂ ಇರುತ್ತಿರಲಿಲ್ಲ. ಸಂತ್ರಸ್ತರ ಕೈಗೆ ಬರುವ ಹಣದಲ್ಲಿ ಮಾತ್ರ ಅಂತರ ಅಪಾರ.

ಫ್ಲಾರಿಡಾದಲ್ಲಿ ಇದರ ಇನ್ನೊಂದು ತುದಿ ಕಾಣುತ್ತದೆ. 1971ರಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್‌ನ ಪುಟ್ಟ ಕಾರುಗಳ ಆಟದಲ್ಲಿ ಯುವತಿಯೊಬ್ಬಳ ಕಾರಿಗೆ ಆಕೆಯ ಭಾವಿ ಪತಿಯ ಕಾರು ಹಿಂದಿನಿಂದ ಗುದ್ದಿ ಆಕೆಗೆ ಪೆಟ್ಟಾಯಿತು. ಜ್ಯೂರಿಯ ಹಂಚಿಕೆ: ಆಕೆಗೆ ಶೇ 14, ಆತನಿಗೆ ಶೇ 85, ಡಿಸ್ನಿಗೆ ಶೇ 1. ಆದರೆ ಆ ರಾಜ್ಯದಲ್ಲಿ ಆಗ ಇದ್ದದ್ದು ಜಂಟಿ ಹಾಗೂ ಪ್ರತ್ಯೇಕ ಹೊಣೆಯ ನಿಯಮ, ಅಂದರೆ ತಪ್ಪಿತಸ್ಥ ಪ್ರತಿವಾದಿ ಯಾರೇ ಆಗಲಿ, ಉಳಿದ ತಪ್ಪಿತಸ್ಥರ ಪಾಲನ್ನೂ ಅವನಿಂದಲೇ ವಸೂಲಿ ಮಾಡಬಹುದು. 75,000 ಡಾಲರ್ ನಷ್ಟದಲ್ಲಿ ಆಕೆಯ ಪಾಲು ಕಳೆದು ಉಳಿದ ಶೇ 86 ಡಿಸ್ನಿಯ ಮೇಲೆ ಬಿತ್ತು. 1987ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ನಿಯಮ ಬದಲಿಸುವುದಿದ್ದರೆ ಅದು ಶಾಸನಸಭೆಯ ಕೆಲಸ ಎಂದಿತು. ಶಾಸನಸಭೆ 1986ರಲ್ಲೇ ಆ ನಿಯಮವನ್ನು ಮೊಟಕುಗೊಳಿಸಿತ್ತು, 2006ರಲ್ಲಿ ಬಹುಮಟ್ಟಿಗೆ ತೆಗೆದುಹಾಕಿತು.

ಆ ನಡುವೆ, 1993ರಲ್ಲಿ, ಅದೇ ಕೋರ್ಟ್ ಇನ್ನೊಂದು ಮಾತು ಹೇಳಿತು: ದಾವೆಯಲ್ಲಿ ಕಕ್ಷಿಯಾಗದವರಿಗೂ ತಪ್ಪಿನ ಪಾಲು ಹಂಚಬೇಕು. ನನ್ನ ದೃಷ್ಟಿಯಲ್ಲಿ ಪ್ರತಿವಾದಿಗಳಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಜ್ಯೂರಿಗೆ ಕೊಡುವ ನಮೂನೆಯಲ್ಲಿ ಹೆಸರು ಹೆಚ್ಚಿದಷ್ಟೂ ಎದುರಿಗಿರುವವನ ಪಾಲು ಕರಗುತ್ತದೆ. ಓಡಿಹೋದವನ, ದಿವಾಳಿಯಾದವನ ಪಾಲಿನ ಪರಿಹಾರ ಗಾಯಗೊಂಡವರಿಗೆ ಸಿಗುವುದೇ ಇಲ್ಲ.

ಜ್ಯೂರಿ ಇಲ್ಲದ ನಮ್ಮಲ್ಲೂ ಇದೇ ಪ್ರಶ್ನೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳ ಮುಂದೆ ಬರುತ್ತದೆ. ಬಸ್ಸೂ ಲಾರಿಯೂ ಡಿಕ್ಕಿ ಹೊಡೆದು ಪ್ರಯಾಣಿಕನ ಕಾಲು ಮುರಿದರೆ, ಇಬ್ಬರು ಚಾಲಕರದೂ ತಪ್ಪಿದ್ದಲ್ಲಿ, ಅವನು ಯಾರೊಬ್ಬರ ಕಡೆಯಿಂದಲಾದರೂ ಪೂರ್ತಿ ಪರಿಹಾರ ಪಡೆಯಬಹುದು. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ತಳೆದ ಈ ನಿಲುವನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಿತು. ಶೇಕಡಾವಾರು ಲೆಕ್ಕ ತಪ್ಪಿತಸ್ಥರ ನಡುವಿನ ವಸೂಲಿಗೆ ಮಾತ್ರ.

ನ್ಯೂಯಾರ್ಕ್‌ನ ಶೇ 68 ಕೊನೆಗೂ ಉಳಿಯಲಿಲ್ಲ. 2011ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ 4–3ರ ಬಹುಮತದಿಂದ ಪೋರ್ಟ್ ಅಥಾರಿಟಿಗೆ ಸರ್ಕಾರಿ ವಿನಾಯಿತಿ ಇದೆ ಎಂದು ತೀರ್ಮಾನಿಸಿತು. ಹಂಚಿಕೆ ಸರಿಯೇ ತಪ್ಪೇ ಎಂದು ತೀರ್ಮಾನಿಸುವ ಅಗತ್ಯವೇ ಆ ಬಹುಮತಕ್ಕೆ ಬರಲಿಲ್ಲ.